ಯಾರ್ಕ್‌ಟೌನಿನಿಂದ ಹೊರದಬ್ಬಿಸಿಕೊಂಡವರು

"ಹಬ್ಬದ ಅಟ್ಟದ ಮೇಲೆ ಯಾರಾದ್ರೂ ಹೆಣ ಇಡ್ತಾರೇನಮ್ಮಾ?"

ಡಾಕ್ಟರ್ ನರಸಿಂಹಮೂರ್ತಿಗಳು ಕೇಳಿದ್ದು ನನ್ನನ್ನು. ನೋಡುತ್ತಿದ್ದದ್ದು ನನ್ನ ಮಗಳು ಮಾನ್ಯಾಳನ್ನು. ಅವಳು ಅವರ ಮನೆಯ ಕಾರ್ಪೆಟ್ಟಿನ ಮೇಲೆ ಮಂಡಿಯೂರಿ ಕೂತು, ಬೊಂಬೆ ಅಟ್ಟದ ಕಟ್ಟಕಡೆಯ ಹಂತದಲ್ಲಿ ತಾನು ಮಾಡಿ ತಂದಿದ್ದ ಆರು ಮಣ್ಣಿನ ಮನುಷ್ಯರನ್ನು ಇಡುತ್ತಿದ್ದಳು. ಒಬ್ಬ ಮುದುಕ, ಒಬ್ಬ ಮುದುಕಿ, ಮರದ ಬೇರಿಗೆ ಒರಗಿದ ಗಂಡ, ಮಗುಚಿ ಬಿದ್ದ ಹೆಂಡತಿ, ಇಬ್ಬರು ಮಕ್ಕಳು. ಎಲ್ಲರ ಮೈಮೇಲೂ ಸೂಜಿಯ ಮೊನೆಯಿಂದ ಚುಚ್ಚಿ ಮೂಡಿಸಿದ ಸಿಡುಬಿನ ಗುರುತು. ಇಬ್ಬರು ಸತ್ತಿದ್ದರು, ಉಳಿದವರು ಸಾಯುತ್ತಿದ್ದರು.

ಅದು 2007ರ ದಸರಾ. ಲಂಡನ್ನಿನ ಕೆಂಟನ್ ಬಡಾವಣೆಯ ಆ ಮನೆಯಲ್ಲಿ ಮೊದಲೆಲ್ಲ ಬೊಂಬೆ ಕೂರಿಸುತ್ತಿದ್ದವರು ಡಾಕ್ಟರ ಹೆಂಡತಿ ಇಂದು. ಮೇಲಿನ ಹಂತದಲ್ಲಿ ಪಟ್ಟದ ಬೊಂಬೆಗಳು, ಮೈಸೂರಿನಿಂದ ಸೀರೆಗಳ ನಡುವೆ ಸುತ್ತಿ ತಂದ ಮರದ ರಾಜ ರಾಣಿ. ಕೆಳಗೆ ದಶಾವತಾರ, ಜಂಬೂಸವಾರಿ, ಶೆಟ್ಟಿ ದಂಪತಿ, ಕ್ರಿಕೆಟ್ ತಂಡ. ವರ್ಷಕ್ಕೆ ಒಂದಾದರೂ ಹೊಸ ಬೊಂಬೆ ಸೇರಲೇಬೇಕು ಎಂಬ ನಿಯಮವನ್ನು ಇಂದು ಎಂದೂ ತಪ್ಪಿಸಿದವರಲ್ಲ. ಅವರು ತೀರಿಕೊಂಡ ಮೇಲೆ, ಜೀವಮಾನವೆಲ್ಲ ಲಂಡನ್ನಿನ ಮುರಿದ ಮೂಳೆಗಳನ್ನು ಕೂಡಿಸಿದ ಡಾಕ್ಟರಿಗೆ ಬೊಂಬೆ ಕೂರಿಸಲು ಕೈ ಬರಲಿಲ್ಲ. ವೆಂಬ್ಲಿಯ ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್ ಆಗಿರುವ ನಾನು ರಜೆ ಹಾಕಿ ಬಂದು ಕೂರಿಸಿ ಕೊಡುತ್ತೇನೆ.

ಆ ವರ್ಷದ ಹೊಸ ಬೊಂಬೆಯನ್ನು ಡಾಕ್ಟರು ಬೇಸಿಗೆಯಲ್ಲೇ ಗೊತ್ತುಮಾಡಿದ್ದರು. ಒಂದು ಬೆಳಗ್ಗೆ ಫೋನಿನಲ್ಲೇ ಕೂಗಾಡಿದರು.

"ನೀರಜಾ, ಮಾನ್ಯಾಗೆ ಕೊಡು ಫೋನು! ಅಮೆರಿಕದೋರು ಯುದ್ಧದ ಹಡಗಿಗೆ ನಮ್ಮ ಹೈದರಲಿ ಹೆಸರಿಟ್ಟಿದ್ರು ಕಣೇ! ನಮ್ಮ ಶ್ರೀರಂಗಪಟ್ಟಣದ ಹೈದರಲಿ! ಇವಳು ಎ ಲೆವೆಲ್‌ನಲ್ಲಿ ಹಿಸ್ಟರಿ ಓದ್ತಾಳಲ್ಲ, ಇದನ್ನ ಶಾಲೇಲಿ ಹೇಳ್ಕೊಟ್ಟಿದಾರಾ ಅವಳಿಗೆ?"

ಯಾರೂ ಹೇಳಿಕೊಟ್ಟಿರಲಿಲ್ಲ. ವಿಷಯ ಮಾತ್ರ ನಿಜ. ಬ್ರಿಟಿಷರ ವಿರುದ್ಧ ದಂಗೆಯೆದ್ದ ಅಮೆರಿಕದ ವಸಾಹತುಗಳು, ಅದೇ ಬ್ರಿಟಿಷರನ್ನು ನಮ್ಮ ಕಡೆ ಬಡಿಯುತ್ತಿದ್ದವನ ಹೆಸರನ್ನು ತಮ್ಮ ಹಡಗಿಗೆ ಇಟ್ಟಿದ್ದವು. ಆ ಹಡಗು ಡೆಲಾವೇರ್ ಕೊಲ್ಲಿಯಲ್ಲಿ ಒಂದು ಬ್ರಿಟಿಷ್ ಹಡಗನ್ನು ಸೆರೆಹಿಡಿಯಿತು ಕೂಡ. ಡಾಕ್ಟರಿಗೆ ಅದರ ಜೊತೆ ಕಾರ್ನ್‌ವಾಲಿಸ್ ಬೇರೆ ಬೇಕಾಗಿತ್ತು. ಟಿಪ್ಪುವಿನ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಳಾಗಿ ಕರೆದೊಯ್ದ ಆ ಕಾರ್ನ್‌ವಾಲಿಸ್, ಶ್ರೀರಂಗಪಟ್ಟಣಕ್ಕೆ ಬರುವ ಮೊದಲು ಅಮೆರಿಕದ ಯಾರ್ಕ್‌ಟೌನಿನಲ್ಲಿ ಸೋತು ಶರಣಾಗಿದ್ದವನು.

"ಮಂಡಿಯೂರಿರೋ ಹಾಗೆ ಮಾಡಮ್ಮಾ ಅವನನ್ನ," ಎಂದಿದ್ದರು.

"ಶರಣಾಗೋ ದಿನ ಅವನು ಬರಲೇ ಇಲ್ಲ ಅಂಕಲ್. ಮೈ ಹುಷಾರಿಲ್ಲ ಅಂತ ಹೇಳಿ ಬೇರೆಯವರ ಕೈಲಿ ಕತ್ತಿ ಕಳಿಸಿದ," ಎಂದಳು ಮಾನ್ಯಾ. ಅವಳು ಮಾತಾಡುವುದು ಇಂಗ್ಲಿಷಿನಲ್ಲೇ, ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವಳ ಕಾರ್ನ್‌ವಾಲಿಸ್ ಡೇರೆಯೊಳಗೆ ಕಂಬಳಿ ಹೊದ್ದು ಮಲಗಿದ. ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಆ ಡೇರೆಯ ಬಗ್ಗೆ ಓದುತ್ತ ಹೋದಾಗಲೇ ಅವಳಿಗೆ ಈ ಆರು ಮಂದಿ ಸಿಕ್ಕಿದ್ದು. ವರ್ಜೀನಿಯಾದ ಹೊಗೆಸೊಪ್ಪಿನ ತೋಟಗಳಿಂದ ಓಡಿಬಂದ ಕರಿಯ ಗುಲಾಮರು ಸಾವಿರಗಟ್ಟಲೆ ಬ್ರಿಟಿಷ್ ಸೇನೆಯ ಹಿಂದೆ ಬಂದಿದ್ದರು. ಬಂದರೆ ಬಿಡುಗಡೆ ಎಂಬ ಮಾತನ್ನು ನಂಬಿದ್ದರು. ಯಾರ್ಕ್‌ಟೌನಿನ ಕೋಟೆಗೆ ಮಣ್ಣು ಹೊತ್ತವರು ಅವರು. ಮುತ್ತಿಗೆ ಬಿಗಿದು, ಊಟ ಕಡಿಮೆಯಾಗಿ, ಸಿಡುಬು ಹಬ್ಬಿದಾಗ ಕಾರ್ನ್‌ವಾಲಿಸ್ ಅವರನ್ನು ಹೊರದಬ್ಬಿಸಿದ. ಎರಡು ಸೇನೆಗಳ ನಡುವಿನ ಕಾಡಿನಲ್ಲಿ ಬಿದ್ದು ಸತ್ತರು. ಬದುಕಿ ಉಳಿದವರನ್ನು ಗೆದ್ದವರು ಹುಡುಕಿ ಹಿಡಿದು ಹಳೆಯ ಒಡೆಯರಿಗೆ ಒಪ್ಪಿಸಿದರು. ಸ್ವಾತಂತ್ರ್ಯಕ್ಕಾಗಿ ಹೋರಾಡಿ ಗೆದ್ದವರು! ಸೋತವನು ದಬ್ಬಿದ, ಗೆದ್ದವನು ಹಿಡಿದ. ಮರುವರ್ಷ ನಮ್ಮ ಹೈದರನ ಹೆಸರು ಹೊತ್ತ ಹಡಗು ತೇಲಿದ್ದು ಆ ಗೆದ್ದವರ ನೀರಿನಲ್ಲಿ. ಹಡಗಿನ ಹೆಸರಿಗೆ ಎದೆಯುಬ್ಬಿಸುವವರು ದಡದ ಕಡೆಗೂ ಒಮ್ಮೆ ನೋಡಬೇಕಲ್ಲವೆ?

"ಇವರನ್ನ ಬಿಟ್ಟು ನಾನು ಹಡಗು ಕೊಡಲ್ಲ," ಎಂದಿದ್ದಳು ಮಾನ್ಯಾ ನನಗೆ, ಮನೆಯಲ್ಲೇ. ನಾನು ಸರಿ ಎಂದಿದ್ದೆ.

ಈಗ ಡಾಕ್ಟರು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

"ಮೂರನೇ ಹಂತದಲ್ಲಿ ಚಾಮುಂಡಿ ಕಾಲಕೆಳಗೆ ಬಿದ್ದಿರೋನು ಏನು, ನಿದ್ದೆ ಮಾಡ್ತಿದಾನಾ?" ಎಂದೆ.

"ಅವನು ಮಹಿಷಾಸುರ ಕಣಮ್ಮ! ರಾಕ್ಷಸ!"

"ಹೆಣಾನೇ ಅಲ್ವಾ? ಮೈಗೆಲ್ಲ ರಕ್ತ ಬೇರೆ ಬಳಿದಿದಾರೆ. ಗೆದ್ದೋರ ಕಾಲಕೆಳಗಿದ್ರೆ ಮಂಗಳ, ಕಾಡಲ್ಲಿ ಬಿದ್ದಿದ್ರೆ ಅಮಂಗಳ. ಇದ್ಯಾವ ಶಾಸ್ತ್ರ ಡಾಕ್ಟ್ರೇ?"

ಮೂಲೆಯ ಕುರ್ಚಿಯಿಂದ ಕಿಸಕ್ಕನೆ ನಗು ಕೇಳಿಸಿತು. ಕಾಶವ್ವ. ಎರಡು ಮನೆ ಆಚೆಗಿರುವ ಡಾಕ್ಟರ್ ಉಮಾಶಂಕರನ ತಾಯಿ, ಧಾರವಾಡದ ಕಡೆಯವರು. ಮಗ ಸೊಸೆ ಡ್ಯೂಟಿಗೆ ಹೋದರೆ ಅವರ ಹಗಲೆಲ್ಲ ಈ ಕುರ್ಚಿಯಲ್ಲೇ.

"ಮಾತು ಬರೋಬ್ಬರಿ ಐತಿ," ಎಂದರು. "ಆದ್ರೂ ಬ್ಯಾಡ ಬಿಡ ತಂಗಿ. ಸಿಡುಬಿನ ಹೆಸರು ಹಬ್ಬದಾಗ ಎತ್ತಬಾರ್ದು. ನಮ್ಮ ಕಡೆ ಈ ಗೊಂಬಿ ಕೂಡ್ಸೂ ಉಸಾಬರೀನೇ ಇಲ್ಲ, ಅದಕ್ಕ ಜಗಳಾನೂ ಇಲ್ಲ."

"ಕೇಳಿದ್ಯಾ?" ಎಂದರು ಡಾಕ್ಟರು. "ಶನಿವಾರ ನನ್ನ ಆಸ್ಪತ್ರೆಯೋರೆಲ್ಲ ಬರ್ತಾರೆ. ಭಾಷಣ ಬರ್ಕೊಂಡಿದೀನಿ. ಮೂವತ್ತು ವರ್ಷ ಇವರ ಮಧ್ಯ ತಲೆ ತಗ್ಗಿಸಿ ಕೆಲಸ ಮಾಡಿದೀನಿ ಕಣಮ್ಮ. ಒಂದು ಸಂಜೆ ಮೈಸೂರು ತಲೆ ಎತ್ತಲಿ ಅಂದ್ರೆ, ನೀವು ಸಿಡುಬು ತಂದಿದೀರಿ."

"ಈ ಆರು ಜನ ಇಲ್ಲ ಅಂದ್ರೆ ಹಡಗೂ ಇಲ್ಲ," ಎಂದಳು ಮಾನ್ಯಾ, ತಲೆಯೆತ್ತದೆ.

"ಏನು, ನನಗೇ ಷರತ್ತಾ?"

"ಹೊಸ ಬೊಂಬೆ ಇಲ್ಲದ ದಸರಾ ಮಾಡ್ತೀರಾ?" ಎಂದೆ ನಾನು. ಇಂದು ಹೆಸರೆತ್ತಲಿಲ್ಲ, ಎತ್ತಬೇಕಾಗಿಯೂ ಇರಲಿಲ್ಲ. ಡಾಕ್ಟರ ಮುಖ ಸಣ್ಣದಾಯಿತು.

"ಇರ್ಲಿ, ಬಿಡಿ," ಎಂದರು. "ಕೂರಿಸಿ ಆಯ್ತಲ್ಲ. ಒಂದು ಸಲ ಕೂರಿಸಿದ ಮೇಲೆ ವಿಜಯದಶಮಿವರೆಗೂ ಕದಲಿಸಬಾರದು."

ಶನಿವಾರ ಸಂಜೆ ಮನೆ ತುಂಬಿತು. ಹ್ಯಾರೋ, ವೆಂಬ್ಲಿ ಕಡೆಯ ಕನ್ನಡದ ಹೆಂಗಸರು ಮೊದಲು ಬಂದರು. ಆಸ್ಪತ್ರೆಯವರು ಬರಲು ಇನ್ನೂ ಹೊತ್ತಿತ್ತು. ನಾನು ಅಡುಗೆಮನೆಯಲ್ಲಿ ಕೋಸಂಬರಿಗೆ ನಿಂಬೆಹಣ್ಣು ಹಿಂಡುತ್ತಿದ್ದೆ. ಮಾನ್ಯಾ ಬಾಗಿಲಲ್ಲಿ ಬಂದು ನಿಂತಳು.

"ಅಮ್ಮಾ, ಅವರಿಲ್ಲ."

ಕೈ ಒರೆಸಿಕೊಂಡು ಹೋಗಿ ನೋಡಿದೆ. ಹಡಗು ಇತ್ತು. ಡೇರೆ ಇತ್ತು. ಆರು ಮಂದಿ ಇದ್ದ ಜಾಗದಲ್ಲಿ ಒಂದು ಕೆಂಪು ಡಬಲ್ ಡೆಕ್ಕರ್ ಬಸ್ಸು ನಿಂತಿತ್ತು, ಲಂಡನ್ ಅರಮನೆಯ ಕಾವಲಿನ ಒಬ್ಬ ಸಿಪಾಯಿಯ ಜೊತೆ.

"ಎಲ್ಲಿ ಅವರು?" ಎಂದೆ ಡಾಕ್ಟರಿಗೆ.

ರೇಷ್ಮೆ ಜುಬ್ಬಾ ತೊಟ್ಟು ನಿಂತಿದ್ದ ಡಾಕ್ಟರು ದನಿ ತಗ್ಗಿಸಿದರು. "ಜೋಪಾನವಾಗಿದಾರೆ ಕಣಮ್ಮ. ಬಿಸ್ಕತ್ತಿನ ಡಬ್ಬೀಲಿ, ಮೆಟ್ಟಿಲ ಕೆಳಗಿನ ಕಬೋರ್ಡಲ್ಲಿ. ಇದೊಂದು ಸಂಜೆ. ಎಲ್ಲರೂ ಹೋದ ಮೇಲೆ ನಾನೇ ವಾಪಸ್ ಇಡ್ತೀನಿ."

"ಕದಲಿಸಬಾರದು ಅಂದೋರು ನೀವೇ."

"ಅಂದೆ. ಈಗ ಕದಲಿಸಿದೆ. ನನ್ನ ಮನೆ."

"ಕಾರ್ನ್‌ವಾಲಿಸನಿಗೂ ಅದು ಅವನ ಕೋಟೆಯೇ ಆಗಿತ್ತು ಡಾಕ್ಟ್ರೇ. ಎರಡನೇ ಸಲ ಹೊರಗೆ ದಬ್ಬಿದ್ರಿ ಅವರನ್ನ."

ನನಗೆ ಸಿಟ್ಟು ತಲೆಗೇರಿಬಿಟ್ಟಿತ್ತು. ಕಬೋರ್ಡಿನಲ್ಲಿ ವ್ಯಾಕ್ಯೂಮ್ ಕ್ಲೀನರಿಗೂ ಕೊಡೆಗಳಿಗೂ ನಡುವೆ ಡಬ್ಬಿ ಸಿಕ್ಕಿತು. ಅರಿಶಿನ ಕುಂಕುಮದ ತಟ್ಟೆ ತೆಗೆದುಕೊಂಡೆ. ವೀಳ್ಯದೆಲೆ, ಅಡಿಕೆ, ಬಾಳೆಹಣ್ಣಿನ ಪಕ್ಕದಲ್ಲಿ ಆರು ಮಂದಿಯನ್ನೂ ಮಲಗಿಸಿದೆ. ಬೊಂಬೆ ನೋಡಲು ಬಂದವಳು ತಾಂಬೂಲ ಬೇಡ ಎನ್ನುವಂತಿಲ್ಲ. ಅಟ್ಟದ ಮೇಲೆ ಜಾಗವಿಲ್ಲದವರು ಆರು ಮನೆ ಸೇರಲಿ, ಆರು ಅಟ್ಟದ ಮೇಲೆ ಕೂರಲಿ, ಆಗ ಯಾವ ಡಬ್ಬಿಗೆ ಹಾಕುತ್ತಾರೆ ನೋಡೋಣ ಎಂದುಕೊಂಡೆ.

ಮೊದಲು ಸಿಕ್ಕವಳು ಸಿರಿಶಾ, ಬ್ಯಾಂಕೊಂದರ ಸಾಫ್ಟ್‌ವೇರ್ ಕೆಲಸಕ್ಕೆ ಬೆಂಗಳೂರಿನಿಂದ ಬಂದ ಹುಡುಗಿ. ಕುಂಕುಮ ಹಚ್ಚಿ ಮಣ್ಣಿನ ಗಂಡಸನ್ನು ಕೈಗಿಟ್ಟೆ.

"ಅಯ್ಯೋ, ಎಷ್ಟು ಚೆನ್ನಾಗಿದೆ ಆಂಟಿ! ಇದೇನು, ಇವನಿಗೆ ಚಿಕನ್‌ಪಾಕ್ಸಾ?"

"ಸಿಡುಬು. ಮನೆಗೆ ತಗೊಂಡು ಹೋಗಿ ಬೊಂಬೆಗಳ ಜೊತೆ ಇಡು."

ಸಿರಿಶಾ ಬೊಂಬೆಯನ್ನೂ ನನ್ನನ್ನೂ ನೋಡಿದಳು. ನಾನು ಪಕ್ಕದವಳ ಕಡೆ ತಿರುಗಿ ತಟ್ಟೆಯಿಂದ ಮಣ್ಣಿನ ಚಿಕ್ಕ ಮಗುವನ್ನು ಎತ್ತಿಕೊಂಡೆ. ಅಷ್ಟರಲ್ಲಿ ನನ್ನ ಮಣಿಕಟ್ಟನ್ನು ಯಾರೋ ಬಿಗಿಯಾಗಿ ಹಿಡಿದರು.

"ನಿಲ್ಸು ಅಮ್ಮಾ," ಎಂದಳು ಮಾನ್ಯಾ, ಎಂದೂ ಇಲ್ಲದೆ ಕನ್ನಡದಲ್ಲಿ. ಅವಳ ಮುಖ ಬಿಳಚಿಕೊಂಡಿತ್ತು. "ಅಪ್ಪ ಒಂದು ಮನೆಗೆ, ಮಗು ಇನ್ನೊಂದು ಮನೆಗೆ. ಏನು ಮಾಡ್ತಿದೀಯ ಗೊತ್ತಾ ನೀನು? ಗುಲಾಮರನ್ನ ಹರಾಜಿನ ಕಟ್ಟೆ ಮೇಲೆ ನಿಲ್ಲಿಸಿ ಒಡೆಯರು ಮಾಡ್ತಿದ್ದದ್ದು ಇದನ್ನೇ."

ನನ್ನ ಕೈಯಲ್ಲಿ ಮಗು ಹಾಗೆಯೇ ಉಳಿಯಿತು.

ಡಾಕ್ಟರಿಗೆ ಜೀವ ಬಂದಂತಾಯಿತು. "ನೋಡಿದ್ಯಾ ನೀರಜಾ, ಹುಡುಗಿಗಿರೋ ಬುದ್ಧಿ! ಬಾಮ್ಮಾ, ಎಲ್ಲರನ್ನೂ ಒಟ್ಟಿಗೇ ಡಬ್ಬಿಗೆ ಹಾಕ್ಬಿಡೋಣ."

"ಡಬ್ಬಿಗೆ ಹಾಕಲ್ಲ!" ಎಂದು ಕಿರುಚಿದಳು ಮಾನ್ಯಾ.

"ಇಲ್ಲಿ ತಾ."

ಕಾಶವ್ವ ಎದ್ದು ನಿಂತಿದ್ದರು. ಸೆರಗಿನ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆ ಚಾಚಿದ್ದರು. ಅವರ ಕಡೆ ಮುತ್ತೈದೆಯರಿಗೆ ಅಕ್ಕಿ, ಕೊಬ್ಬರಿ ಹಾಕಿ ಉಡಿ ತುಂಬುವುದು ಹೀಗೆ. ಕಾಶವ್ವನ ಗಂಡ ಹೋಗಿ ಬಹಳ ಕಾಲವಾಗಿತ್ತು. ಈ ಮನೆಯಲ್ಲೂ ಕುಂಕುಮದ ತಟ್ಟೆ ಅವರ ಕುರ್ಚಿಯನ್ನು ದಾಟಿ ಮುಂದೆ ಹೋಗುವುದೇ ರೂಢಿ.

"ಕಾಶವ್ವನೋರೇ, ನಿಮಗೆ..." ಎಂದ ಡಾಕ್ಟರು ಅರ್ಧಕ್ಕೇ ನಿಲ್ಲಿಸಿದರು.

"ಹೇಳ್ರಿ, ಪೂರಾ ಹೇಳ್ರಿ. ಗಂಡ ಸತ್ತಾಕಿಗೆ ಉಡಿ ತುಂಬಂಗಿಲ್ಲ, ಹೌದಲ್ಲ? ನನಗ ಉಡಿ ಇಲ್ಲ, ಇವರಿಗೆ ಅಟ್ಟ ಇಲ್ಲ. ನಮಗ ನಮಗ ಜೋಡಿ ಆತು." ನನ್ನ ಕಡೆ ತಿರುಗಿದರು. "ಹಾಕು ತಂಗಿ. ಒಬ್ರನ್ನೂ ಬಿಡಬ್ಯಾಡ."

"ಸಿಡುಬು ಅಂತ ನೀವೇ ಬೇಡ ಅಂದ್ರಿ ಅವತ್ತು," ಎಂದೆ.

"ಅಂದೆ. ಇವರು ಮಂದಿ ಅಂತ ತಿಳಿದಿದ್ದಿಲ್ಲ, ಗೊಂಬಿ ಅಂದ್ಕೊಂಡಿದ್ದೆ. ಈ ಹುಡುಗಿ ಹಂಗ ಒದರಿದ ಮ್ಯಾಲ ತಿಳೀತು. ಹಾಕು, ಕೈ ಸೋಲ್ತಾವ."

ಸಿರಿಶಾ ತಾನಾಗಿಯೇ ಬಂದು ಗಂಡಸನ್ನು ಮಾನ್ಯಾಳ ಕೈಗೆ ಕೊಟ್ಟಳು. ಮಾನ್ಯಾ ಆರು ಮಂದಿಯನ್ನೂ ಆ ಸೆರಗಿನಲ್ಲಿ ಮಲಗಿಸಿದಳು. ನಾನು ಅಕ್ಕಿ ಹಾಕಿದೆ. ಕುಂಕುಮ ಹಚ್ಚಲು ಹೋದಾಗ ಕಾಶವ್ವ ಹಣೆ ಮುಂದೆ ಮಾಡಿದರು. ಇಬ್ಬರು ಹೆಂಗಸರು ಮುಖ ತಿರುಗಿಸಿಕೊಂಡು ಕಿಟಕಿಯ ಕಡೆ ಹೋದರು. ಹೋಗಲಿ.

"ಮಾನ್ಯಾ, ಆ ಕುರ್ಚಿ ತಂದು ಇಲ್ಲಿ ಹಾಕು," ಎಂದರು ಕಾಶವ್ವ. ತೋರಿಸಿದ್ದು ಅಟ್ಟದ ಮುಂದೆ, ನಟ್ಟನಡುವೆ. ಕುರ್ಚಿ ಬಂತು. ಕೂತರು. ಬಸ್ಸೂ ಸಿಪಾಯಿಯೂ ಅವರ ಬೆನ್ನ ಹಿಂದೆ ಮರೆಯಾದವು.

"ಅಮ್ಮಾ, ಅಲ್ಲಿ ಕೂತ್ರೆ ಗೆಸ್ಟುಗಳಿಗೆ ಬೊಂಬೆ ಕಾಣಲ್ಲ," ಎಂದರು ಡಾಕ್ಟರು, ಬೇಡುವ ದನಿಯಲ್ಲಿ.

"ಕಾಣ್ತಾವಲ್ಲ, ನನ್ನ ತೊಡಿ ಮ್ಯಾಲ."

"ಎಷ್ಟು ಹೊತ್ತು ಹೀಗೆ ಕೂತಿರ್ತೀರಿ? ಮಂಡಿ ಹಿಡ್ಕೊಳುತ್ತೆ."

"ನೀವಽ ಕೂಡಿಸಿದ ಮಂಡಿ ಐತಿ ಡಾಕ್ಟರ. ಗಟ್ಟಿ ಐತಿ."

ಯಾರೋ ನಕ್ಕರು. ಆಗಲೇ ಬಾಗಿಲ ಗಂಟೆ ಹೊಡೆಯಿತು. ಕೋಟು ತೆಗೆದು, ಬೂಟು ಬಿಚ್ಚಿ, ಆಸ್ಪತ್ರೆಯವರು ಒಳಬಂದರು. ತೆಳ್ಳಗಿನ ಸರ್ಜನ್ನರು, ಗಟ್ಟಿ ಗಂಟಲಿನ ಸಿಸ್ಟರ್‌ಗಳು, ಹೂಗುಚ್ಛ, ಚಾಕೊಲೇಟಿನ ಪೆಟ್ಟಿಗೆ. ಎಲ್ಲರ ಕಣ್ಣೂ ಮೊದಲು ಹೋದದ್ದು ಕುರ್ಚಿಯ ಕಡೆಗೇ. ಬಿಳಿ ಸೀರೆಯ ಮುದುಕಿ, ಮಡಿಲಲ್ಲಿ ಅಕ್ಕಿಯ ನಡುವೆ ಆರು ಕರಿಯ ಮನುಷ್ಯರು, ತಲೆಯ ಮೇಲುಗಡೆ ರಾಜ ರಾಣಿ.

ಡಾಕ್ಟರು ಕನ್ನಡಕ ಹಾಕಿಕೊಂಡು ಭಾಷಣ ಶುರುಮಾಡಿದರು. ಹೈದರಲಿ ಬಂದ, ಹಡಗು ತೇಲಿತು, ಚಪ್ಪಾಳೆ ಬಿತ್ತು. ಯಾರ್ಕ್‌ಟೌನ್ ಬಂತು, ಡೇರೆಯಲ್ಲಿ ಮಲಗಿದ ಕಾರ್ನ್‌ವಾಲಿಸನನ್ನು ಕಂಡು ಎಲ್ಲರೂ ನಕ್ಕರು. ಡಾಕ್ಟರು ಒಮ್ಮೆ ಮಡಿಲ ಕಡೆ ನೋಡಿ, ಬೇಗನೆ ಹಾಳೆ ತಿರುವಿದರು.

"ಅಲ್ಲಿಂದ ಕಾರ್ನ್‌ವಾಲಿಸ್ ಭಾರತಕ್ಕೆ..."

"ಇವರನ್ನ ದಾಟಿ ಹೋದ್ರಿ ಅಂಕಲ್," ಎಂದಳು ಮಾನ್ಯಾ.

ಅವಳು ಗಟ್ಟಿಯಾಗಿ ಹೇಳಲಿಲ್ಲ. ಆದರೂ ಕೋಣೆಯ ಕೊನೆಯವರೆಗೆ ಕೇಳಿಸಿತು. ಡಾಕ್ಟರು ಹಾಳೆಯಿಂದ ತಲೆಯೆತ್ತಿದರು. ಕೆನ್ನೆ ಕೆಂಪಾಗಿತ್ತು. ನನ್ನನ್ನು ನೋಡಿದರು, ಮಗಳನ್ನು ತಡೆಯುತ್ತೇನೆಂಬ ಆಸೆಯಿಂದಲೋ ಏನೋ. ನಾನು ತಟ್ಟೆ ಹಿಡಿದು ನಿಂತಿದ್ದೆ, ನಿಂತೇ ಇದ್ದೆ.

"ಹೇಳು ಮಾನ್ಯಾ," ಎಂದೆ.

ಮಾನ್ಯಾ ಕುರ್ಚಿಯ ಪಕ್ಕಕ್ಕೆ ಹೋಗಿ ನಿಂತಳು. ಯಾರ ಅಪ್ಪಣೆಯನ್ನೂ ಕೇಳದೆ, ಹೊಗೆಸೊಪ್ಪಿನ ತೋಟದಿಂದ ಶುರುಮಾಡಿದಳು. ಕಾಶವ್ವನಿಗೆ ಇಂಗ್ಲಿಷ್ ಒಂದಕ್ಷರ ಬಾರದು. ಅವರು ಸೆರಗನ್ನು ಇನ್ನಷ್ಟು ಅಗಲಕ್ಕೆ ಹರಡಿ ಹಿಡಿದರು, ಹಿಂದೆ ನಿಂತವರಿಗೂ ಕಾಣಲಿ ಎಂದು.