ಕ್ಯಾಪ್ಟನ್ನರ ಸ್ಟಾರು, ಬೋರಲಿಂಗಯ್ಯನ ಹೆಗಲು

ಮಿಷನ್ನಿನ ಸೂಜಿ ನಿಂತಿತು, ದಾರ ತುಂಡಾಯಿತೇನೋ, ಜಹೀದಾ ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ ಪೋಣಿಸುತ್ತಿದ್ದಾಳೆ, ನಾನು ಅವಳ ಟೈಲರ್ ಅಂಗಡಿಯಲ್ಲಿ ಬರೀ ಬನಿಯನ್ನಿನಲ್ಲಿ ಕೂತಿದ್ದೇನೆ, ಮಾಜಿ ಲ್ಯಾನ್ಸ್ ನಾಯಕ್ ಬೋರಲಿಂಗಯ್ಯ, ತೋಳಿನ ಒಂದೇ ಒಂದು ಪಟ್ಟಿಗೆ ಆರು ವರ್ಷ ಬೆವರು ಸುರಿಸಿದ್ದೆ, ಈ ಸೆಕ್ಯುರಿಟಿ ಏಜೆನ್ಸಿಯವರು ಒಂದೇ ದಿನಕ್ಕೆ ಹೆಗಲಿಗೆ ಮೂರು ಮೂರು ಸ್ಟಾರ್ ಕೊಟ್ಟುಬಿಟ್ಟರು, ಮೂರು ಸ್ಟಾರ್ ಅಂದರೆ ಕ್ಯಾಪ್ಟನ್, ಯಾರಿಗೆ ಹೇಳೋದು — ಬಿಡದಿಯ ಫ್ಯಾಕ್ಟರಿ ಗೇಟಿನಲ್ಲಿ ಲಾರಿ ನಂಬರ್ ಬರೆದುಕೊಳ್ಳುವವನಿಗೆ ಕ್ಯಾಪ್ಟನ್ನರ ಸ್ಟಾರು! ನಾಚಿಕೆಯಾಗಿ ನಿನ್ನೆ ಬ್ಲೇಡಿನಲ್ಲಿ ಕಿತ್ತುಬಿಟ್ಟೆ, ಬೆಳಗ್ಗೆ ಸೂಪರ್‌ವೈಸರ್ ಮಧುಕುಮಾರ್, ನನ್ನ ಮಗನ ವಯಸ್ಸು, ಎಲ್ರೀ ಸ್ಟಾರು, ಗೇಟಲ್ಲಿ ಲುಕ್ ಇರ್ಬೇಕು, ಹೊಲಿಸ್ಕಂಡು ಬನ್ನಿ, ಇಲ್ದಿದ್ರೆ ನಾಳಿಂದ ಬರ್ಲೇಬೇಡಿ, ಅದು ನಾನ್ ಹಾಕೋ ಹಂಗಿಲ್ಲ ಸಾರ್, ಅಯ್ಯೋ ಬುಡಿ ಯಜಮಾನ್ರೇ, ಯಾರ್ ನೋಡ್ತಾರೆ — ನಾನು ನೋಡುತ್ತೇನಲ್ಲ! ಹೆಂಡತಿ ಹನುಮಂತಮ್ಮನಿಗೆ ಮಾತ್ರ ಖುಷಿ, ಬೈರಾಪಟ್ಟಣಕ್ಕೆಲ್ಲ ಸಾರಿ ಬಂದಳು, ನಮ್ಮೆಜಮಾನ್ರು ಈಗ ಆಫೀಸರ್ರು, ಈ ಕೆಲಸ ಹೋದರೆ ಈ ವಯಸ್ಸಿನಲ್ಲಿ ಇನ್ನೊಂದು ಕೊಡುವವರು ಯಾರು.

ಹನುಮಂತಮ್ಮನಿಗೇನು ಗೊತ್ತು, ಎಪ್ಪತ್ತೊಂದರ ಯುದ್ಧದಲ್ಲಿ ನಾನು ಕ್ಯಾಪ್ಟನ್ ಸಾಹೇಬರ ಆರ್ಡರ್ಲಿ, ದಿನಾ ಬೆಳಗ್ಗೆ ಅವರ ಹಿತ್ತಾಳೆ ಸ್ಟಾರ್ ಉಜ್ಜಿ ನಾನೇ ಹೆಗಲಿಗೆ ಸಿಕ್ಕಿಸುತ್ತಿದ್ದೆ, ಗುಂಡು ಹಾರಲು ಶುರುವಾದ ಮೇಲೂ, ತೆಗೀರಿ ಸಾಬ್, ಹೊಳೀತವೆ, ಆ ಕಡೆಯವ್ರಿಗೆ ಕಾಣ್ತವೆ, ಅಂದೆ, ನಕ್ಕರು, ನನ್ನ ಹುಡುಗರಿಗೆ ನಾನು ಕಾಣಬೇಕಲ್ಲೋ, ಉಜ್ಜು, ಉಜ್ಜಿದೆ, ದಡ್ಡ ನನ್ಮಗ ನಾನು, ಒಂದು ದಿನ ಮೈಗಳ್ಳನಾಗಬಾರದಿತ್ತೇ, ಒಸಿ ಮಸುಕು ಬಿಡಬಾರದಿತ್ತೇ — ಯಜಮಾನ್ರೇ, ಸ್ಟಾರು ಎಲ್ಲಿಗ್ ಬರ್ಬೇಕು, ಹಿಂಗಾ? ಇಲ್ಲ ಕಣವ್ವ, ಒಂದರ ಹಿಂದೊಂದು, ಕುತ್ತಿಗೆ ಕಡೀಕೆ ಸಾಲಾಗಿ, ನನ್ನ ಬೆರಳೇ ಮುಂದೆ ಹೋಗಿ ಜಾಗ ತೋರಿಸಿಬಿಟ್ಟಿತು, ಥೂ, ಇದನ್ನೂ ನಾನೇ ಮಾಡಬೇಕಾ, ಗಟ್ಟಿಯಾಗೇ ಹೊಲೀತೀನಿ, ಕಿತ್ತೋಗ್ಬಾರ್ದಲ್ಲ — ಕಿತ್ತುಹೋಗಿತ್ತು, ಸಾಹೇಬರದೊಂದು ಸ್ಟಾರು, ಗುಂಡು ಬಿದ್ದದ್ದೇ ಅಲ್ಲಿ, ಎಡ ಹೆಗಲು, ಅಲ್ಲಿಂದ ಎದೆಯೊಳಕ್ಕೆ, ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನಾನು ಕೆಸರಿನಲ್ಲಿ ಕೈಯಾಡಿಸುತ್ತಿದ್ದೆ, ಮನುಷ್ಯನೇ ಹೋಗುತ್ತಿದ್ದಾಗ ಸ್ಟಾರ್ ಹುಡುಕುತ್ತಿದ್ದೆನಲ್ಲ, ಸಿಗಲೂ ಇಲ್ಲ — ಆಯ್ತು ಯಜಮಾನ್ರೇ, ಹಾಕ್ಕಳಿ, ತೋಳು ತೂರಿಸಿದೆ, ಕನ್ನಡಿಯಲ್ಲಿ ಇರುವುದು ನನ್ನ ಹೆಗಲಲ್ಲ, ಅವರದು, ಎರಡು ಸ್ಟಾರು, ಪಕ್ಕದಲ್ಲಿ ತೂತು, ಎರಡು ಸ್ಟಾರು, ತೂತು, ರಕ್ತದಲ್ಲೂ ಹೊಳೆಯುತ್ತಿವೆ, ಎರಡು ಸ್ಟಾರು, ನಾನು ಉಜ್ಜಿದ್ದು.