ಪಾಲಾಕ್ಷ ಡಾಕ್ಟರು ಬೇಡವೆಂದದ್ದು

ಅರಕಲಗೂಡಿನ ಪಶುವೈದ್ಯ ಪಾಲಾಕ್ಷಪ್ಪನವರು ಮನುಷ್ಯರ ನಡುವೆ ಬಸ್ಸು ತಪ್ಪಿಹೋಗುತ್ತದೇನೋ ಎಂಬಂತೆ ದಾಪುಗಾಲು ಹಾಕುತ್ತಾರೆ. ಕೊಟ್ಟಿಗೆಯ ಹೊಸ್ತಿಲು ದಾಟಿದರೆ ಮಾತ್ರ ಆ ನಡಿಗೆಗೆ ಗರ್ಭಗುಡಿಯ ಸಾವಧಾನ ಬರುತ್ತದೆ. ಮಾಸಿದ ಖಾಕಿ ಕೋಟಿನ ಒಂದು ಜೇಬಿನಲ್ಲಿ ಥರ್ಮಾಮೀಟರು, ಇನ್ನೊಂದರಲ್ಲಿ ಬೆಲ್ಲ. ಏನು ಕೇಳಿದರೂ "ತಡೀರಿ, ನೋಡಾಣ" ಎನ್ನುವುದು ಅವರ ಚಾಳಿ. ಕಾಲೇಜು ಮೇಷ್ಟ್ರಾಗಿ ವಾದ ಮಾಡಿಯೇ ಅಭ್ಯಾಸವಾದ, ಅವರ ಪಕ್ಕದ ಮನೆಯವನಾದ ನನಗೆ ಅದು ಮಹಾ ಕಿರಿಕಿರಿ.

ಒಮ್ಮೆ ಗೊರೂರಿನ ಕಡೆ ಮುದ್ದಮ್ಮ ಎಂಬ ರೈತ ಹೆಂಗಸಿನ ಎತ್ತು ಬೆನ್ನುಮೂಳೆ ಮುರಿದುಕೊಂಡು ಬಿದ್ದಿತ್ತು. ಉಳಿಸುವ ದಾರಿಯಿರಲಿಲ್ಲ. ಇವರು ಅದಕ್ಕೆ ಬೆಲ್ಲ ನೆಕ್ಕಿಸಿ, ಹಣೆ ಸವರಿ, ಕೊನೆಯ ಸೂಜಿ ಕೊಟ್ಟು ಬಂದರು. ಅಂದು ಊಟವನ್ನೇ ಮಾಡಲಿಲ್ಲವೆಂದು ಅವರ ಹೆಂಡತಿ ನೀಲಾಂಬಿಕೆ ನಗುತ್ತ ನನಗೆ ಹೇಳಿದ್ದರು.

ಹಾಗೆ ನಕ್ಕ ನೀಲಾಂಬಿಕೆಗೇ ಕೆಲವು ವರ್ಷಗಳಲ್ಲಿ ಮೂಳೆಯ ಕ್ಯಾನ್ಸರ್ ಬಂತು. ಇನ್ನು ನೋವು ತಗ್ಗಿಸುವುದಷ್ಟೇ ಬಾಕಿ ಎಂದು ಹಾಸನದ ವೈದ್ಯರು ಕೈಚೆಲ್ಲಿದರು. ಘನತೆಯ ಮರಣದ ಬಗ್ಗೆ ಸರ್ಕಾರದ ಆದೇಶ ಬಂದು ಎಲ್ಲೆಲ್ಲೂ ಅದೇ ಚರ್ಚೆ ನಡೆಯುತ್ತಿದ್ದ ದಿನಗಳವು; ಬದುಕು ಯಾರದೋ ಸಾವೂ ಅವರದೇ ಎಂದು ನಾನು ಅವರ ಜಗಲಿಯಲ್ಲೇ ಕೂತು ಭಾಷಣ ಬಿಗಿಯುತ್ತಿದ್ದೆ. ಕೃತಕ ಉಸಿರಾಟ ಬೇಡವೆನ್ನಲು ಕಾನೂನು ಒಪ್ಪುತ್ತದೆ, ಸೂಜಿ ಕೊಟ್ಟು ಕಳಿಸಲು ಒಪ್ಪುವುದಿಲ್ಲ ಎಂದು ಪಾಲಾಕ್ಷಪ್ಪನವರು ತಣ್ಣಗೆ ತಿದ್ದುತ್ತಿದ್ದರು. ಒಳಗೆ ಮಲಗಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ ನೀಲಾಂಬಿಕೆ ಒಂದು ಸಂಜೆ ನನ್ನೆದುರೇ ಗಂಡನನ್ನು ಕೇಳಿದರು.

"ರೀ, ಆ ಎತ್ತಿಗೆ ಕೊಟ್ಟ ಮರ್ಯಾದೆ ನನಗಿಲ್ವಾ?"

ಅಂದು ಅವರು "ತಡಿ" ಎನ್ನಲಿಲ್ಲ. "ಎತ್ತು ಕೇಳ್ಲಿಲ್ಲ ಕಣೆ, ನಾನೇ ಕೊಟ್ಬುಟ್ಟೆ. ನೀನು ಕೇಳ್ತಿದ್ದೀಯ. ನನ್ ಕೈಲಿ ಆಗಲ್ಲ," ಎಂದರು.

"ನೋವು ನಂದು, ಧರ್ಮ ನಿಮ್ದು. ಚೆನ್ನಾಗೈತೆ," ಎಂದು ಆಕೆ ಗೋಡೆಯತ್ತ ಮುಖ ತಿರುಗಿಸಿದರು.

ನನ್ನ ಭಾಷಣಗಳ ಬಗ್ಗೆ ನನಗೇ ನಾಚಿಕೆಯಾಯಿತು. ಪಾಲಾಕ್ಷಪ್ಪನವರು ರಜೆ ಹಾಕಿದರು. ನೋವಿನ ಮಾತ್ರೆ ಮುಗಿಯುವ ಮೊದಲೇ ಹಾಸನಕ್ಕೆ ಓಡುತ್ತಿದ್ದರು. ಮೈ ಒರೆಸುವುದು, ಬಟ್ಟೆ ಬದಲಿಸುವುದು, ತಲೆ ಬಾಚುವುದು, ಯಾವುದನ್ನೂ ಬೇರೆಯವರಿಗೆ ಬಿಡಲಿಲ್ಲ. ಆಕೆಯನ್ನು ಯಂತ್ರಗಳಿಗೂ ಒಪ್ಪಿಸಲಿಲ್ಲ. ಆಕೆ ಮಾತ್ರ ಎಷ್ಟೋ ದಿನ ತುಟಿ ಬಿಚ್ಚಲಿಲ್ಲ. ತೀರಿಹೋಗುವ ಹಿಂದಿನ ದಿನ, "ಸಿಟ್ಟು ಹೋಗಿಲ್ಲ ಕಣ್ರೀ. ಕೈ ಮಾತ್ರ ಬಿಡ್ಬೇಡಿ," ಎಂದರಂತೆ.

ಅವರು ಮಾಡಿದ್ದು ಸರಿಯೆಂದು ನಾನು ಇಂದಿಗೂ ಹೇಳಲಾರೆ, ಅವರೂ ಹೇಳುವುದಿಲ್ಲ. ಸಾವಿನ ಹಕ್ಕಿಗೆ ಹೌದೆನ್ನುವವರು, ಕೂಡದೆನ್ನುವವರು ಬೇಕಾದಷ್ಟಿದ್ದೇವೆ, ಮಾತು ಮುಗಿಸಿ ಮನೆಗೆ ಹೋಗುತ್ತೇವೆ; ಆಗದೆಂದು ಹೇಳಿದ ಮೇಲೂ ಎದ್ದುಹೋಗದೆ, ಕ್ಷಮೆ ಸಿಗದೆಂದು ಗೊತ್ತಿದ್ದೂ ಆ ನೋವಿನ ಮಗ್ಗುಲಲ್ಲೇ ಕೂರುವವರು ತೀರ ಕಡಿಮೆ.