ಸುಗಂಧರಾಜದ ಐದು ದಿನ

ದೇವರ ಜಗಲಿಯ ಮುಂದೆ ನಿಂತ ಪ್ರೇಮವ್ವ ಕೈ ಮುಗಿಯುವುದನ್ನೇ ಮರೆತಳು. ಹಿತ್ತಾಳೆ ತಂಬಿಗೆಯಲ್ಲಿಟ್ಟಿದ್ದ ಸುಗಂಧರಾಜದ ದಂಟು ಎರಡೇ ದಿನಕ್ಕೆ ಕತ್ತು ಬಾಗಿಸಿತ್ತು. ಕೆಳಗಿನ ಹೂಗಳೆಲ್ಲ ಕಂದಿದ್ದವು. ಗಂಡನ ಕಣ್ಣಿನ ಪಟ್ಟಿ ಬಿಚ್ಚಲು ಇನ್ನೂ ಮೂರು ದಿನವಿತ್ತು.

ಹಿತ್ತಲಲ್ಲಿ ಆ ಹೂವಿನ ಗಡ್ಡೆ ನೆಟ್ಟವನು ಗಂಡ ಶಂಭುಲಿಂಗ. ಮೊದಲ ದಂಟು ಬಿಡುವ ಹೊತ್ತಿಗೆ ಅವನ ಒಂದು ಕಣ್ಣು ಪೂರ್ತಿ ಹೋಗಿತ್ತು. ಇನ್ನೊಂದರ ಆಪರೇಷನ್ ರಾಣೆಬೆನ್ನೂರಿನಲ್ಲಿ ಆದ ದಿನವೇ ಇಲ್ಲಿ ಬ್ಯಾಡಗಿಯ ಹಿತ್ತಲಿಗೆ ಕರು ನುಗ್ಗಿ ದಂಟನ್ನು ಮುರಿದಿತ್ತು. ಸುದ್ದಿ ಕೇಳಿ ಅವನು ಫೋನಿನಲ್ಲಿ, ''ಅದನ್ನ ನೀರಾಗ ಇಟ್ಟಿರು. ಐದನೇ ದಿನ ಪಟ್ಟಿ ಬಿಚ್ತಾರ. ಮೊದಲ ಅದನ್ನ ನೋಡ್ತೇನಿ'' ಎಂದಿದ್ದ. ಹೂವು ಉಳಿದರೆ ಕಣ್ಣು ಉಳಿದೀತು ಎಂಬ ಯೋಚನೆ ಅಂದೇ ಅವಳ ಎದೆಯಲ್ಲಿ ಮುಳ್ಳಿನಂತೆ ನಟ್ಟಿತ್ತು. ಅದಕ್ಕೇ ದೀಪದ ಬಗಲಿಗೆ, ಎಡೆಯ ಬಾಳೆಹಣ್ಣಿಗೆ ಒತ್ತಿ, ಭಕ್ತಿಯಿಂದ ಇಟ್ಟಿದ್ದಳು.

ಕರೆದಾಗ ಪಕ್ಕದ ಮನೆಯ ಚಮನಬಿ ಬಂದಳು. ಇಪ್ಪತ್ತು ವರ್ಷದಿಂದ ಪೇಟೆಯಲ್ಲಿ ಹೂವು ಮಾರುವವಳು.

''ಯವ್ವಾ ಪ್ರೇಮಕ್ಕಾ, ಹೂವಿಗೆ ನೀವ ವಿಷಾ ಹಾಕಿ, ನೀವ ಅಳಾಕತ್ತೀರೇನು?''

''ಚೊಕ್ಕ ನೀರು ಹಾಕೇನಿ, ವಿಷಾ ಎಲ್ಲಿಂದ ಬಂತು?''

''ಈ ಬಾಳೆಹಣ್ಣು! ಕಳಿತ ಹಣ್ಣಿನ ಕಾವು ಹೂವಿಗೆ ಬಡೀತೈತಿ. ಹಣ್ಣಿನ ಗಾಡಿ ನಮ್ಮಣ್ಣಂದ ಇದ್ರೂ ಅದರ ಬಗಲಾಗ ನಾ ಬುಟ್ಟಿ ಇಡೂದಿಲ್ಲ. ಮ್ಯಾಲೆ ದೀಪದ ಬಿಸಿ ಬ್ಯಾರೆ.''

''ದೇವರ ಮುಂದಿಟ್ಟದ್ದು. ತಗದರ ಏನಾದೀತೋ...''

''ನೀರಿನ ಕೊಡದ ಮೂಲಿ ನಿಮ್ಮ ದೇವರಿಗೆ ಕಾಣೂದಿಲ್ಲೇನ್ರಿ? ಅಲ್ಲಿ ತಂಪೈತಿ, ಅಲ್ಲಿಡ್ರಿ.''

ಚಮನಬಿ ಕಂದಿದ ಹೂಗಳನ್ನು ಚಿವುಟಿ, ದಂಟಿನ ತುದಿಯನ್ನು ನೀರೊಳಗೇ ಓರೆಯಾಗಿ ಕೊಯ್ದಳು. ''ದಿನಾ ನೀರು ಬದಲಿಸ್ರಿ, ದಿನಾ ಒಂದೀಟು ಕೊಯ್ರಿ. ಮ್ಯಾಲಿನ ಮೊಗ್ಗಿನಾಗ ಇನ್ನೂ ಜೀವ ಐತಿ.''

ಪ್ರೇಮವ್ವನಿಗೆ ಊಟ ಸೇರಲಿಲ್ಲ. ಗಳಿಗೆಗೊಮ್ಮೆ ಕೊಡದ ಮೂಲೆಗೆ ಹೋಗಿ ಬಗ್ಗಿ ನೋಡುವಳು. ಮರುದಿನ ದಂಟಿನ ಕತ್ತು ತುಸು ನೆಟ್ಟಗಾಯಿತು. ಆಮೇಲೆ ಒಂದು ಮೊಗ್ಗು ಅರಳಿತು, ಇನ್ನೊಂದು ಅರಳಿತು. ಐದನೆಯ ದಿನ ಮಧ್ಯಾಹ್ನ ದಂಟನ್ನು ಬಾಟಲಿಯಲ್ಲಿಟ್ಟು ರಾಣೆಬೆನ್ನೂರಿನ ಬಸ್ಸು ಹತ್ತುವಾಗ ಅರಳಿದ್ದವು ನಾಲ್ಕು. ಗಾಳಿ ತಾಕದಂತೆ ಸೆರಗು ಮುಚ್ಚಿ ಕುಳಿತವಳಿಗೆ ಹೊಸದೊಂದು ಭಯ ಹೊಕ್ಕಿತು. ಕಣ್ಣು ಮಂಜಾದದ್ದನ್ನು ವರ್ಷವಿಡೀ ಮುಚ್ಚಿಟ್ಟವನು ಅವನು. ಚಮನಬಿಯ ಖಾಲಿ ಬುಟ್ಟಿಯ ವಾಸನೆ ಹಿಡಿದು, ''ಏನ್ ಚಂದ ಹೂವು ತಂದೀಯವ್ವಾ'' ಎಂದಿದ್ದ. ಇಂದೂ ಹಾಗೆಯೇ ನಟಿಸಿದರೆ?

ಆಸ್ಪತ್ರೆಯಲ್ಲಿ ನಾಲ್ಕು ಗಂಟೆಗೆ ಪಟ್ಟಿ ಬಿಚ್ಚಿದರು. ಶಂಭುಲಿಂಗ ಮಂಚದ ಬದಿಗಿಟ್ಟ ಬಾಟಲಿಯತ್ತ ಮುಖ ತಿರುಗಿಸಿ, ''ಸುಗಂಧರಾಜ! ಏನ್ ಚಂದ ಐತಿ!'' ಎಂದ.

ಪ್ರೇಮವ್ವ ಅವನ ಮುಖವನ್ನೇ ನೋಡಿದಳು. ವಾಸನೆಗೆ ಕಣ್ಣೇಕೆ ಬೇಕು?

''ಎಷ್ಟು ಅರಳ್ಯಾವ್ರಿ?'' ಎಂದು ಕೇಳಿದಳು.

ಅವನು ರೆಪ್ಪೆ ಬಡಿದ. ಕಣ್ಣಲ್ಲಿ ನೀರಾಡಿತು.

''ಐದು'' ಎಂದ.

ಐದಲ್ಲ, ನಾಲ್ಕು. ಪ್ರೇಮವ್ವ ಮಂಚದ ಅಂಚು ಹಿಡಿದು ಕುಳಿತಳು.

''ಐದನೇದು ಈಗ ಬಿಡಾಕತ್ತೈತಿ, ಒಂದು ಎಸಳು ಇನ್ನೂ ಮಡಚೈತಿ. ನಿನಗ ಕಾಣವಲ್ದೇನ?''

ಅವಳು ಬಾಟಲಿಯತ್ತ ತಿರುಗಿದಳು. ಬೆರಳಿಟ್ಟು ಕೆಳಗಿನಿಂದ ಎಣಿಸತೊಡಗಿದಳು. ನಾಲ್ಕು ದಾಟಿದ ಬೆರಳು, ಮಡಚಿದ ಎಸಳಿನ ಮೇಲೆ ನಿಂತಿತು.